ಅವಲಂಬಿತರು ಬೇರೆ ಫೈಲ್ ಅಲ್ಲ

ಸೋಮವಾರ ಬೆಳಿಗ್ಗೆ 10.40ಕ್ಕೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ದೂರು ಅರ್ಜಿ ಇರಲಿಲ್ಲ. ನಾಲ್ಕಾಗಿ ಮಡಚಿದ ಒಂದು ಹಾಳೆಯಿತ್ತು. ಶನಿವಾರ ಕಚೇರಿಯ ಕಡತದ ಕೋಣೆಯಲ್ಲಿ ಉಸಿರುಗಟ್ಟಿ ಸತ್ತವನ ಹೆಂಡತಿ ಅವಳು. ಇನ್‌ಸ್ಪೆಕ್ಟರ್ ಆ ಸಾವನ್ನು ಅಸಹಜ ಮರಣವೆಂದು ದಾಖಲಿಸಿ, ಮನಸ್ಸಿನಲ್ಲಿ ಅಲ್ಲಿಗೇ ಕೈತೊಳೆದುಕೊಂಡಿದ್ದರು.

ಕಾರಣವಿಲ್ಲದೆ ಅಲ್ಲ. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಹಿಡಿ ಮುರಿದು ವರ್ಷವಾಗಿದೆ. ಒಳಗೆ ಹೋಗುವವರು ಸಂದಿಗೆ ರಟ್ಟಿನ ತುಂಡೊಂದನ್ನು ಸಿಕ್ಕಿಸುತ್ತಿದ್ದರು. ಸತ್ತವನಿಗೆ ಉಬ್ಬಸ. ಅವನ ಇನ್‌ಹೇಲರ್, ಫೋನು ಎರಡೂ ಹೊರಗೆ ಕುರ್ಚಿಗೆ ಹಾಕಿದ್ದ ಕೋಟಿನಲ್ಲಿದ್ದವು. 3.50ಕ್ಕೆ ಅವನ ಕಂಪ್ಯೂಟರಿನಿಂದ ಕೊನೆಯ ಎಣಿಕೆ ಪಟ್ಟಿ ಮೇಲಧಿಕಾರಿಗೆ ಹೋಗಿತ್ತು. 6.20ಕ್ಕೆ ಕಸ ಗುಡಿಸುವಾಕೆ ಹೆಣ ನೋಡಿದ್ದಳು. ರಜೆಯ ದಿನ. ಅವತ್ತು ಆ ಮಹಡಿಗೆ ಬಂದಿದ್ದ ಇನ್ನೊಬ್ಬನೆಂದರೆ ಡೇಟಾಬೇಸ್ ನೋಡಿಕೊಳ್ಳುವವನು; ಅವನು 3.55ರಿಂದ ಹೆಣ ಸಿಗುವವರೆಗೂ ಮೇಲಿನ ಮಹಡಿಯ ಸಭೆಯಲ್ಲಿ ಎಂಟು ಜನರ ನಡುವೆ ಕೂತಿದ್ದ.

"ಅಜಾಗರೂಕತೆಯಿಂದ ಸತ್ತರು ಅಂತ ಕಚೇರಿಯವರು ಬರೆದಿದ್ದಾರೆ," ಎಂದಳು ಹೆಂಗಸು, ಹಾಳೆ ಬಿಡಿಸುತ್ತಾ. "ಹಾಗೆ ಬರೆದಿಡೋಕೆ ನಾನು ಬಿಡಲ್ಲ. ಈ ಪಟ್ಟಿ ಅವರು ಮಾಡಿದ್ದಲ್ಲ."

"ಇದು ನಿಮಗೆಲ್ಲಿ ಸಿಕ್ತಮ್ಮಾ?"

"ಕೊನೆಯ ಕೆಲಸ, ನೆನಪಿಗೆ ಇಟ್ಕೊಳ್ಳಿ ಅಂತ ಮೇಲಧಿಕಾರಿ ಕೊಟ್ಟರು."

ಗಂಡನ ಕೆಲಸ ಏನೆಂದು ಹೇಳಿದಳು. ಒಂದು ತಂತ್ರಾಂಶ ಎಷ್ಟು ದೊಡ್ಡದು ಎಂದು ಅಳೆಯುವುದು. ಅದು ಯಾವ ಯಾವ ಮಾಹಿತಿಯನ್ನು ಇಟ್ಟು ಸಾಕುತ್ತದೆ ಎಂದು ನೋಡಿ, ತಾನಾಗಿ ನಿಲ್ಲುವ ಒಂದೊಂದು ಗುಂಪಿಗೆ ಒಂದು ಫೈಲ್ ಎಂದು ಎಣಿಸುವುದು. ಎಷ್ಟು ಜನ ಕೆಲಸದಲ್ಲಿ ಉಳಿಯಬೇಕೆಂಬುದು ಆ ಎಣಿಕೆಯ ಮೇಲೆ ನಿಂತಿರುತ್ತದೆ.

"ಫೈಲ್ ಎಣಿಸೋಕೂ ಒಬ್ಬ ಆಳಾ?" ಎಂದರು ದಫೇದಾರರು. "ನಮ್ಮಲ್ಲಿ ಹುಡುಕೋಕೇ ಗತಿಯಿಲ್ಲ."

ಅವಳು ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು. ಮೊದಲ ಸಾಲು ನೌಕರರು. ಎರಡನೆಯದು ಅವಲಂಬಿತರು.

"ಇದು ಬೇರೆ ಫೈಲ್ ಅಲ್ಲ ಸಾರ್. ಹೆಂಡ್ತಿ ಮಕ್ಕಳ ವಿವರ ಕಂಪ್ಯೂಟರಲ್ಲಿ ಬೇರೆ ಕಡೆ ಇಟ್ಟಿರಬಹುದು. ಎಣಿಸುವಾಗ ನೌಕರನ ಒಳಗೇ ಸೇರಬೇಕು. ನೌಕರನನ್ನ ಅಳಿಸಿದರೆ ಅವಲಂಬಿತರಿಗೆ ಅರ್ಥ ಉಳಿಯಲ್ಲ, ಅದೇ ಪರೀಕ್ಷೆ. ಮದುವೆಯಾದ ಹೊಸದರಲ್ಲಿ ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ನೀನು ಬೇರೆ ಫೈಲ್ ಅಲ್ಲ ಕಣೇ ಅಂತ ರೇಗಿಸೋರು. ನಿದ್ದೆಗಣ್ಣಲ್ಲೂ ಇದನ್ನ ತಪ್ಪು ಮಾಡೋರಲ್ಲ."

ಹಾಳೆಯನ್ನು ಮೇಜಿನ ಆಚೆಗೆ ಸರಿಸಿ, "ಇವತ್ತು ಬೆಳಿಗ್ಗೆ ಕಚೇರಿಯವರು ಅವರ ಹೆಸರು ತೆಗೆದರು. ನನ್ನ ಆಸ್ಪತ್ರೆ ಕಾರ್ಡೂ ಅದರ ಜೊತೆಗೇ ಸತ್ತಿತು," ಎಂದಳು.

ದಫೇದಾರರು ತಲೆ ತಗ್ಗಿಸಿ ಶನಿವಾರದ ಪಂಚನಾಮೆಯ ಪುಟ ತಿರುವಿದರು. ಕೋಟು, ಇನ್‌ಹೇಲರ್, ಫೋನು, ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳು. ಓದುತ್ತಾ ಓದುತ್ತಾ ನಿಂತರು.

"ಸಾರ್, ರಟ್ಟು ಜಾರಿದ್ದರೆ ಅಲ್ಲೇ ಬಿದ್ದಿರಬೇಕಲ್ಲ. ಒಳಗೂ ಬರೆದಿಲ್ಲ, ಹೊರಗೂ ಬರೆದಿಲ್ಲ."

ಪಂಚನಾಮೆ ಬರೆಸಿದ್ದು ಇನ್‌ಸ್ಪೆಕ್ಟರೇ. ಇಲ್ಲದ್ದನ್ನು ಕಾಣುವಷ್ಟು ತಾಳ್ಮೆ ಅವತ್ತು ತನಗಿರಲಿಲ್ಲವೆಂದು ಅವರಿಗೆ ಅರ್ಥವಾಯಿತು. ಪಟ್ಟಿ ಸತ್ತವನದಲ್ಲವಾದರೆ 3.50ಕ್ಕೆ ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. 11.30ಕ್ಕೆ ಕೊಲೆಯೆಂದು ಎಫ್‌ಐಆರ್ ಆಯಿತು.

12.15ಕ್ಕೆ ಕಚೇರಿ. ಮಾಹಿತಿ ತುಂಬಿಡುವ ಕೋಷ್ಟಕಗಳನ್ನು, ಅಂದರೆ ಟೇಬಲ್‌ಗಳನ್ನು, ಮಾಡಿದವನಾದ್ದರಿಂದ ಡೇಟಾಬೇಸ್ ನೋಡಿಕೊಳ್ಳುವವನನ್ನು ಎಲ್ಲರೂ ಟೇಬಲ್ ಮೇಷ್ಟ್ರು ಎನ್ನುತ್ತಿದ್ದರು. ಐವತ್ತು ದಾಟಿದ, ಗರಿಗರಿ ಅಂಗಿಯ ಮನುಷ್ಯ. ಇನ್‌ಸ್ಪೆಕ್ಟರ್ ಅವನ ಮುಂದೆ ಖಾಲಿ ಹಾಳೆಯಿಟ್ಟರು.

"ನಿಮ್ಮ ತಂತ್ರಾಂಶದಲ್ಲಿ ಎಷ್ಟು ಫೈಲ್ ಇವೆ? ಎಣಿಸಿ ಬರೀರಿ."

"ಯಾಕೆ ಸಾರ್?"

"ನನಗೆ ಗೊತ್ತಿಲ್ಲ, ಅದಕ್ಕೆ."

ಕೇಳಿದ್ದೇ ತಡ, ಬರೆಯತೊಡಗಿದ. ಯಾರೋ ಕಡೆಗೂ ತನ್ನನ್ನು ಕೇಳಿದರೆಂಬ ಸಡಗರ ಅವನ ಕೈಯಲ್ಲಿತ್ತು. ಒಂದು, ನೌಕರರು. ಎರಡು, ಅವಲಂಬಿತರು. ನಲವತ್ತೊಂದಕ್ಕೆ ನಿಲ್ಲಿಸಿದ. ಶನಿವಾರ 3.50ಕ್ಕೆ ಹೋದ ಪಟ್ಟಿಯಲ್ಲೂ ನಲವತ್ತೊಂದು. ಸಾಲಿಗೆ ಸಾಲು ಅದೇ.

"ಅವಲಂಬಿತರು ಬೇರೆನಾ?"

"ಬೇರೆ ಟೇಬಲ್ ಇದೆಯಲ್ಲ ಸಾರ್. ನಾನೇ ಮಾಡಿದ್ದು."

ಅವನ ಮೇಜಿನ ಖಾನೆಯನ್ನು ಪಂಚರ ಎದುರು ತೆಗೆಸಿದರು. ಹಳೆಯ ಚೀಟಿಗಳು, ಮುಗಿದ ಪೆನ್ನುಗಳು, ದಿನಾಂಕ ಬರೆದು ಜೋಡಿಸಿಟ್ಟ ಲಕೋಟೆಗಳು. ಶನಿವಾರದ ಲಕೋಟೆಯಲ್ಲಿ ಬಾಗಿಲ ಒತ್ತಿನಿಂದ ಗೆರೆ ಬಿದ್ದ ರಟ್ಟಿನ ತುಂಡು.

"ಎಸೀಬಹುದಿತ್ತಲ್ರೀ," ಎಂದರು ದಫೇದಾರರು.

"ನಾನು ಏನನ್ನೂ ಅಳಿಸಲ್ಲ," ಎಂದ ಅವನು. "ಇಪ್ಪತ್ತು ವರ್ಷದಿಂದ ಒಂದು ಸಾಲೂ ಅಳಿಸಿಲ್ಲ."

"ಅವನನ್ನ ಒಳಗೆ ಹೇಗೆ ಕಳಿಸಿದೆ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಹಳೇ ಕಡತ ಒಂದು ತೋರಿಸಬೇಕು ಬನ್ನಿ ಅಂದೆ. ಒಂದು ನಿಮಿಷದ ಕೆಲಸ ಅಂತ ಕೋಟು ಬಿಟ್ಟು ಬಂದ. ನಾನು ಹೊರಗೆ ಬಂದು ರಟ್ಟು ಎಳೆದೆ."

"ಎಷ್ಟು ಹೊತ್ತಿಗೆ?"

"ಮೂರೂ ಹತ್ತು."

"ಪಟ್ಟಿ ಹೋಗಿದ್ದು 3.50ಕ್ಕೆ. ನಲವತ್ತು ನಿಮಿಷ ಏನು ಮಾಡ್ತಿದ್ದೆ?"

"ಅವನ ಕುರ್ಚಿಯಲ್ಲಿ ಕೂತು ಪಟ್ಟಿ ಸರಿ ಮಾಡ್ತಿದ್ದೆ."

"ಅವನು ಬಾಗಿಲು ಬಡೀಲಿಲ್ವಾ?"

"ಬಡಿದ. ಎಣಿಸಿದೆ. ಅರವತ್ಮೂರು. ಕೊನೆಯವು ಬಹಳ ಮೆತ್ತಗಿದ್ದವು, ಎಣಿಸಬೇಕೋ ಬೇಡವೋ ಗೊತ್ತಾಗಲಿಲ್ಲ."

ದಫೇದಾರರು ಬರೆಯುತ್ತಿದ್ದ ಕೈ ನಿಲ್ಲಿಸಿ, ಮತ್ತೆ ಬರೆದರು.

5.30ಕ್ಕೆ ಬಂಧನ. ಗುರುವಾರದ ಸಭೆಯ ವಿಷಯ ಅವನ ಹೇಳಿಕೆಯ ಕೊನೆಯಲ್ಲಿ ಬಂತು. ಸತ್ತವನು ಇವನನ್ನು ಎಲ್ಲರೆದುರು ನಿಲ್ಲಿಸಿ ನಲವತ್ತೊಂದು ಸಾಲನ್ನೂ ಓದಿಸಿದ್ದ. ಒಂದಾದ ಮೇಲೊಂದಕ್ಕೆ "ಇದು ಫೈಲ್ ಅಲ್ಲ" ಎನ್ನುತ್ತಾ ಕೆಂಪು ಶಾಯಿ ಎಳೆದಿದ್ದ. ಹತ್ತನೆಯ ಸಾಲಿನ ಹೊತ್ತಿಗೆ ಕಿರಿಯರು ಸತ್ತವನ ಜೊತೆ ದನಿಗೂಡಿಸಿ ಹೇಳತೊಡಗಿದ್ದರು. ಕೊನೆಗೆ ಉಳಿದದ್ದು ಒಂಬತ್ತು. ಒಂಬತ್ತಕ್ಕೆ ಇಷ್ಟು ಹಿರಿಯ ಆಳು ಬೇಡ ಎಂದು ಸತ್ತವನೇ ಷರಾ ಬರೆದಿದ್ದ.

ಇನ್‌ಸ್ಪೆಕ್ಟರ್ ಇದನ್ನು ಹೆಂಗಸಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದರು. ಠಾಣೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದವಳು ಪೂರ್ತಿ ಕೇಳಿಸಿಕೊಂಡಳು.

"ಅವರು ಹಾಗೆ ಮಾಡೋರೇ," ಎಂದಳು. ಆಮೇಲೆ, "ನನ್ನ ಹಾಳೆ ವಾಪಸ್ ಕೊಡ್ತೀರಾ?"

"ಸಾಕ್ಷ್ಯ ಅಮ್ಮಾ. ಕೇಸು ಮುಗಿಯೋತನಕ ಇಲ್ಲೇ ಇರಬೇಕು."

"ಜೋಪಾನ ಸಾರ್. ನನ್ನನ್ನ ಬೇರೆಯಾಗಿ ಎಣಿಸಿರೋದು ಅದೊಂದರಲ್ಲೇ."