ಸ್ಯಾಮ್ಯುಯೆಲ್‌ನ ವಂಶ, ಕಾಸರಕೋಡಿನ ಬಂಗಾರಿ

"ನಿಮ್ಮ ಕಣ್ಣು... ಹುಟ್ಟಿದಾಗಿಂದ ಹೀಗೇ ಉಂಟಾ?"

ಬಂಗಾರಿಯ ಕೈಯಿಂದ ಬುಟ್ಟಿ ಜಾರಿತು. ಒಣ ಬಂಗಡೆಗಳೆಲ್ಲ ಮರಳಿನ ಮೇಲೆ ಚೆಲ್ಲಿದವು.

ತಲೆಯೆತ್ತಿದರೆ ಬಿಳಿ ಅಂಗಿಯ ಯುವಕನೊಬ್ಬ ನಿಂತಿದ್ದ. ಅವಳ ನೀಲಿ ಕಣ್ಣುಗಳನ್ನೇ ನೋಡುತ್ತಿದ್ದ. 

"ತಪ್ಪಾಯ್ತು, ಬಾಯಿ ತಪ್ಪಿ ಬಂತು," ಎಂದು ಅವನು ಬಗ್ಗಿ ಮೀನು ಆರಿಸತೊಡಗಿದ. "ನಾನು ಅಣ್ಣಪ್ಪ. ಕುಮಟಾದಲ್ಲಿ ಇತಿಹಾಸ ಕಲಿಸೋ ಮಾಸ್ತರ. ಊರಿನ ಹಳೇ ಕಥೆ ದುರ್ಗಮ್ಮಜ್ಜಿಗೆ ಗೊತ್ತುಂಟು ಅಂದ್ರು. ಅವರ ಮನೆ ಯಾವುದು?"

"ಅದು ನನ್ನ ಅಜ್ಜಿ. ಎಂತಕ್ಕೆ?"

"ಅಮೆರಿಕದಿಂದ ನಮ್ಮ ಶಾಲೆಗೆ ಒಂದು ಪತ್ರ ಬಂದದೆ."

ಅದು ಹ್ಯಾನಾ ಎಂಬ ಮುದುಕಿ ಬರೆದ ಪತ್ರ ಎಂದು ಅವನು ವಿವರಿಸಿದ. ಮುನ್ನೂರೈವತ್ತು ವರ್ಷಗಳ ಹಿಂದೆ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಮೊದಮೊದಲು ಮನೆ ಕಟ್ಟಿದವರಲ್ಲಿ ಅವಳ ಪೂರ್ವಜ ಸ್ಯಾಮ್ಯುಯೆಲ್ ಒಬ್ಬ. ಅವನ ವಂಶದ ಪ್ರತಿಯೊಂದು ಕವಲನ್ನೂ ಆಕೆ ಹುಡುಕುತ್ತಿದ್ದಳು. ಒಂದು ಮಾತ್ರ ಸಿಕ್ಕಿರಲಿಲ್ಲ. ನೂರು ವರ್ಷಗಳ ಹಿಂದೆ ಹತ್ತಿ ತುಂಬಲು ಕುಮಟಾಕ್ಕೆ ಬಂದ ಹಡಗಿನಲ್ಲಿ ಆ ಕವಲಿನ ಜೋಸೆಫ್ ಎಂಬ ಹುಡುಗನಿದ್ದ. ಜ್ವರ ಬಂದಿತೆಂದು ಅವನನ್ನು ಕಾಸರಕೋಡಿನಲ್ಲಿ ಇಳಿಸಿ ಹಡಗು ಹೊರಟುಹೋಗಿತ್ತು. ಆಮೇಲೆ ಏನಾಯಿತು?

ಬಂಗಾರಿಗೆ ಗೊತ್ತಿತ್ತು! ಜೋಸೆಫ್ ಬದುಕಿ ಉಳಿದಿದ್ದ. ದುರ್ಗಮ್ಮನ ಅಜ್ಜ ಅವನೇ.

"ಅಂಥವ್ರು ಇಲ್ಲಿ ಯಾರೂ ಇಲ್ಲ ಮಾಸ್ತರೆ. ಅಜ್ಜಿಗೆ ಕಿವಿನೂ ಕೇಳೂದಿಲ್ಲ. ಹೋಗಿ!"

ಅಜ್ಜಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಅವಳು ಸುಳ್ಳು ಹೇಳಿದ್ದು ಹೆದರಿಕೆಗೆ. ಅಪ್ಪನ ತಂಗಿ, ಸೋದರತ್ತೆ ಸುಬ್ಬಿಗೂ ಇದೇ ಕಣ್ಣು. ಮದುವೆ ನಿಶ್ಚಯವಾದ ಮೇಲೆ ಯಾರೋ ಗಂಡಿನ ಕಡೆಯವರ ಕಿವಿಯೂದಿದ್ದರು, 'ಅದು ಪರಂಗಿ ರಕ್ತ' ಎಂದು. ಮದುವೆ ಮುರಿಯಿತು. ಮರುದಿನ ಬೆಳಿಗ್ಗೆ ಸುಬ್ಬಿ ಶರಾವತಿ ಕಡಲು ಸೇರುವ ಅಳಿವೆಗೆ ನಡೆದು ಹೋದಳು... ತಿರುಗಿ ಬರಲಿಲ್ಲ. ಆಗ ಬಂಗಾರಿಗೆ ಏಳು ವರ್ಷ.

ಆದರೆ ಅಣ್ಣಪ್ಪ ಬಿಡಲಿಲ್ಲ. ಪ್ರತಿ ಭಾನುವಾರ ಬಂದ. ಹಲಗೆಗಳನ್ನು ಹಗ್ಗದಿಂದ ಹೊಲಿದು ಬೋಟು ಕಟ್ಟುವ ಮುದುಕರನ್ನು ಮಾತಾಡಿಸಿದ, ಬಂಗಾರಿಯ ಜೊತೆ ಒಣಗಲು ಹರಡಿದ ಮೀನು ಮಗುಚಿ ಹಾಕಿದ. ಅವನ ಅಪ್ಪನೂ ಬಲೆ ಹಾಕುವವನೇ ಎಂದು ತಿಳಿದಾಗ ಅವಳು ಮೊದಲ ಸಲ ನಕ್ಕಳು. ಯಾವ ಭಾನುವಾರದಿಂದ ತಾನು ದಾರಿ ಕಾಯತೊಡಗಿದೆನೆಂದು ಅವಳಿಗೇ ತಿಳಿಯಲಿಲ್ಲ.

'ಬೇಡ ಬಂಗಾರಿ... ಇವನಿಗೆ ಗೊತ್ತಾದ್ರೆ?'

೧೯೭೯ರ ಫೆಬ್ರವರಿ. ಒಂದು ಮಧ್ಯಾಹ್ನ ಬಂದರಿನಿಂದ ಮರಳಿದಾಗ ಅವನು ಅಜ್ಜಿಯ ಎದುರು ಕೂತಿದ್ದ. ಮಂಡಿಯ ಮೇಲೆ ನೋಟ್‌ಬುಕ್ಕು. ಮೇಲೆ ಸ್ಯಾಮ್ಯುಯೆಲ್, ನಡುವೆ ಜೋಸೆಫ್, ಅದರ ಕೆಳಗೆ ದುರ್ಗಮ್ಮ, ಆಮೇಲೆ ಅಪ್ಪ, ಸುಬ್ಬಿ... ಕೊನೆಯಲ್ಲಿ, ಇನ್ನೂ ಒಣಗದ ಶಾಯಿಯಲ್ಲಿ, ಬಂಗಾರಿ!

ಅವಳು ಹೊಸ್ತಿಲಲ್ಲೇ ನಿಂತಳು.

"ನಾನೇ ಹೇಳ್ದೆ ಮಗಾ," ಎಂದಳು ಅಜ್ಜಿ. "ಸಾಯೂ ಮೊದ್ಲು ಒಬ್ರ ಹತ್ರ ಆದ್ರೂ ಹೇಳ್ಬೇಕಿತ್ತು."

ಬಂಗಾರಿಗೆ ಅದು ಕೇಳಿಸಲೇ ಇಲ್ಲ.

"ಇದಕ್ಕಾ ಮಾಸ್ತರೆ ನೀವು ವಾರ ವಾರ ಬಂದದ್ದು? ನಾನು ನಿಮ್ಗೆ ಒಂದು ಹೆಸರು, ಅಷ್ಟೇ ಅಲ್ವಾ?"

"ಬಂಗಾರಿ, ಒಂದು ಮಾತು ಕೇಳು..."

"ಊರಿಗೆಲ್ಲ ಗೊತ್ತಾದ್ರೆ ನನ್ನ ಗತಿ ಎಂತ? ಹೋಗಿ! ಇನ್ನು ಬರ್ಬೇಡಿ!"

ಅವನು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಬಂಗಾರಿಗೆ ಅನ್ನ ಇಳಿಯದಾಯಿತು. ಬಾವಿಕಟ್ಟೆಯಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟಿದರೂ ತನ್ನದೇ ಮಾತು ಎನಿಸುತ್ತಿತ್ತು. ಅಳಿವೆಯ ಕಡೆ ನೋಡಲು ಭಯ... ನೋಡದಿರಲೂ ಭಯ.

ಕೊನೆಗೆ ತಡೆಯಲಾರದೆ, ಹೊನ್ನಾವರಕ್ಕೆ ಬಂದು ಕುಮಟಾದ ಬಸ್ಸು ಹತ್ತಿದಳು. ಶಾಲೆ ಬಿಟ್ಟಿತ್ತು. ಖಾಲಿ ಕ್ಲಾಸಿನಲ್ಲಿ ಅಣ್ಣಪ್ಪ ಒಬ್ಬನೇ ಕೂತಿದ್ದ.

"ಕಾಗದ ಕಳಿಸಿಬಿಟ್ರಾ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು.

ಅವನು ಮೇಜಿನಿಂದ ಒಂದು ಹಾಳೆ ತೆಗೆದು ಕನ್ನಡದಲ್ಲಿ ಓದಿ ಹೇಳಿದ. "ಜೋಸೆಫ್ ಕಾಸರಕೋಡಿನಲ್ಲಿ ಜ್ವರದಿಂದ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ."

"ಇದು ಸುಳ್ಳು..."

"ಹೌದು. ಎರಡು ವಾರದಿಂದ ಇಲ್ಲೇ ಉಂಟು. ಸುಳ್ಳು ಕಳಿಸೋಕೆ ಕೈ ಬರಲಿಲ್ಲ. ನಿಜ ಬರೆದು ನಿನ್ನ ಕಳಕೊಳ್ಳೋಕೂ ಆಗಲಿಲ್ಲ." ಅವನ ಕಣ್ಣು ತುಂಬಿತ್ತು. "ಮೊದಲನೇ ಭಾನುವಾರ ಬಂದದ್ದು ಪತ್ರಕ್ಕೆ. ಉಳಿದ ಭಾನುವಾರ ಎಲ್ಲ ನಿನಗೆ, ಬಂಗಾರಿ."

ಅವಳು ಬೆಂಚು ಹಿಡಿದು ನಿಂತಳು. "ನಿಮ್ಮನೇಲಿ, ನಿಮ್ಮ ತಾಯಿಗೆ ಗೊತ್ತಾದ್ರೆ?"

"ಆಯಿಗೆ ನಿನ್ನೆನೇ ಹೇಳಿದೆ. ಎಲ್ಲಾ."

"ಅಯ್ಯೋ! ಎಂತ ಅಂದ್ರು?"

"ಕೊಯ್ಯುತ್ತಿದ್ದ ಮೀನು ಕೆಳಗಿಟ್ಟಳು. ಆಮೇಲೆ, 'ಹುಡುಗಿಗೆ ಮೀನು ಕೊಯ್ಯೂಕೆ ಬತ್ತದಾ?' ಅಂತ ಕೇಳಿದಳು."

ಬಂಗಾರಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕಣ್ಣೊರೆಸಿಕೊಂಡು ಆ ಹಾಳೆಯನ್ನು ಎರಡಾಗಿ ಹರಿದಳು.

"ನಿಜನೇ ಬರೀರಿ. ಹೆದರಿ ಹೆದರಿ ಅತ್ತೆ ಹೋದ್ಲು. ನಾ ಹಾಗೆ ಹೋಗೂದಿಲ್ಲ. ಸುಬ್ಬತ್ತೆ ಹೆಸರು ಬಿಡ್ಬೇಡಿ, ಚೆಂದ ಮಾಡಿ ಬರೀರಿ."

ಅವನು ಅವಳ ಕೈ ಹಿಡಿದ. ಅದು ತಣ್ಣಗಿತ್ತು.

"ಹೆದ್ರಿಕೆ ಹೋಗ್ಲಿಲ್ವಾ?"

"ಇಲ್ಲ..." ಎಂದಳು ಪಿಸುದನಿಯಲ್ಲಿ. "ನಿಮ್ಗೆ?"

"ನಂಗೂ ಉಂಟು. ಈ ಭಾನುವಾರ ನಿನ್ನಪ್ಪನ ಹತ್ರ ಹೆಣ್ಣು ಕೇಳ್ಬೇಕಲ್ಲ! ನೀ ನನ್ನ ಪಕ್ಕ ನಿಲ್ತ್ಯಾ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನಿಲ್ತೆ."