ಆಯ್ತು ಅಂದ ಮೇಲೆ

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಆಕೆ ಠಾಣೆಗೆ ಬಂದಳು. ಹಿಂದಿನ ದಿನ ನಿಲ್ದಾಣದಲ್ಲಿ ವಿಮಾನದ ಚಕ್ರಕ್ಕೆ ಸಿಕ್ಕಿ ಸತ್ತ ಕೆಲಸಗಾರನ ಹೆಂಡತಿ. ನಿಲ್ದಾಣದ ವರದಿಯಲ್ಲಿ ‘ಮೃತನ ನಿರ್ಲಕ್ಷ್ಯ’ ಎಂದಿತ್ತು. ಸತ್ತವನು ಎದ್ದು ಬಂದು ಸಾಕ್ಷಿ ಹೇಳುತ್ತಾನೆಯೇ? ಗೂಬೆ ಕೂರಿಸಲು ಅದಕ್ಕಿಂತ ಸಲೀಸಾದ ತಲೆ ಇನ್ನೆಲ್ಲಿ ಸಿಕ್ಕೀತು!

“ಹೋದೋರು ಹೋದ್ರು ಸಾರ್. ತಪ್ಪೂ ಅವರದ್ದೇ ಅಂತ ಓದ್ಕೊಂಡು ನನ್ನ ಮಗಳು ಬೆಳೀಬೇಕಾ?”

ಇನ್‌ಸ್ಪೆಕ್ಟರ್ ಆ ವರದಿಯನ್ನು ಪಕ್ಕಕ್ಕೆ ಸರಿಸಿದರು. ಎಫ್‌ಐಆರ್ ದಾಖಲಿಸಿ ಹೊರಟರು.

ಹನ್ನೆರಡೂವರೆಗೆ ವಿಮಾನ ನಿಲ್ಲುವ ಅಂಗಳದಲ್ಲಿ ಪಂಚನಾಮೆ ನಡೆಯಿತು. ಚಕ್ರಕ್ಕೆ ಅಡ್ಡ ಇಡುವ ರಬ್ಬರ್ ದಿಮ್ಮಿಗಳು ಎರಡು. ಸತ್ತವನು ಒಂದನ್ನು ತೆಗೆದಿದ್ದ, ಇನ್ನೊಂದಕ್ಕೆ ಬಗ್ಗಿದ್ದ.

“ವಿಮಾನ ತಳ್ಳು ಅಂತ ಹೇಳಿದ್ಯಾರು?” ಎಂದು ಇನ್‌ಸ್ಪೆಕ್ಟರ್ ವಿಮಾನ ತಳ್ಳುವ ಟ್ರ್ಯಾಕ್ಟರಿನ ಚಾಲಕನನ್ನು ಕೇಳಿದರು.

“ಮ್ಯಾನೇಜರ್ ಸಾಹೇಬ್ರು, ವಾಕಿಟಾಕೀಲಿ. ನನಗೆ ಅವನು ಕಾಣ್ತಿರ್ಲಿಲ್ಲ ಸಾರ್. ಪಾಪ, ನಮ್ಮ ಆಯ್ತಣ್ಣ.”

“ಏನಣ್ಣ?”

“ಏನು ಹೇಳಿದ್ರೂ ಮೊದಲು ‘ಆಯ್ತು’ ಅಂತಿದ್ದ, ಆಮೇಲೆ ಕೆಲಸಕ್ಕೆ ಕೈ ಹಾಕ್ತಿದ್ದ. ಅದಕ್ಕೇ ಆ ಹೆಸರು.”

ಮ್ಯಾನೇಜರನ ಕೋಣೆಯಲ್ಲಿ ಧ್ವನಿಮುದ್ರಣ ಕೇಳಿದರು. ಒಂಬತ್ತೂ ನಲವತ್ತೆರಡು. “ದಿಮ್ಮಿ ತೆಗಿ.” “ಆಯ್ತು ಸಾರ್.” ನಾಲ್ಕು ಸೆಕೆಂಡಿಗೆ, “ತಳ್ಳು.”

“ಆಯ್ತು ಅಂದ. ಮುಗೀತು ಅಂತ ತಿಳ್ಕೊಂಡೆ,” ಎಂದ ಮ್ಯಾನೇಜರ್.

ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತಿದ್ದ ತಮ್ಮ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದರು. “ಹೆಡ್ ಅವರೇ, ಒಂದು ಲೋಟ ನೀರು.”

“ಆಯ್ತು ಸಾರ್,” ಎಂದರು ಹೆಡ್ ಕಾನ್‌ಸ್ಟೆಬಲ್.

“ನೀರು ಬಂತಾ ಮ್ಯಾನೇಜರೇ?”

ಹೆಡ್ ಕಾನ್‌ಸ್ಟೆಬಲ್ ಇನ್ನೂ ಬಾಗಿಲಲ್ಲೇ ಇದ್ದರು.

ನೋಟಿಸ್ ಬೋರ್ಡಿನಲ್ಲಿ ನಾಲ್ಕು ಪಿನ್ನುಗಳ ನಡುವೆ ಹಾಳೆಯಷ್ಟು ಜಾಗ ಖಾಲಿಯಿತ್ತು. ಆ ಹಾಳೆ ಮೇಜಿನ ಡ್ರಾಯರಿನಲ್ಲಿ ಮಡಿಸಿದಂತೆ ಸಿಕ್ಕಿತು. ‘ವಾಕಿಟಾಕಿಯಲ್ಲಿ ಆಯ್ತು ಅನ್ನಕೂಡದು. ತೆಗೆದೆ ಅನ್ನಬೇಕು. ಆ ಮಾತು ಕೇಳದೆ ವಿಮಾನ ಕದಲಿಸಕೂಡದು.’ ಕೆಳಗೆ ಮ್ಯಾನೇಜರನದೇ ಸಹಿ.

“ಗೊತ್ತಿದ್ದೂ ತಳ್ಳಿಸಿದ್ರಿ. ಸಾಲದೂಂತ ಇದನ್ನ ಕಿತ್ತು ಬಚ್ಚಿಟ್ರಿ. ಯಾಕೆ?”

ಅವನು ಎದುರುಗೋಡೆಯ ಫಲಕ ನೋಡಿದ. ‘ವಿಳಂಬವಿಲ್ಲದ ದಿನಗಳು: 99.’

“ನಾನು ಬರೋಕೆ ಮುಂಚೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನೋ ಹಾಗಿತ್ತು ಇಲ್ಲಿ. ಸಾಮಾನಿನವರು, ಇಂಧನದವರು, ಗೇಟಿನವರು ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ಎಲ್ಲರನ್ನೂ ಒಂದು ಮಾಡ್ದೆ. ನಿನ್ನೆ ನೂರನೇ ದಿನ ಸಾರ್. ವಿಮಾನ ಹೊರಡೋ ಹೊತ್ತಿಗೆ ಒಂದೇ ನಿಮಿಷ ಉಳಿದಿತ್ತು. ಎಲ್ಲರೂ ನನ್ನನ್ನೇ ನೋಡ್ತಿದ್ರು.”

“ನಡೀರಿ, ಜೀಪು ಹತ್ತಿ.”

“ಆಯ್ತು,” ಎಂದ. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಹೆಡ್ ಕಾನ್‌ಸ್ಟೆಬಲ್ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಬಂಧನದ ವೇಳೆ ನಾಲ್ಕೂ ಹತ್ತು.

ಸಂಜೆ ಆಕೆ ಮತ್ತೆ ಬಂದಳು. “ಅವರ ತಪ್ಪಲ್ಲ ಅಂತ ಬರೀತೀರಾ ಸಾರ್?”

‘ಆಯ್ತಮ್ಮ’ ಎಂಬ ಮಾತು ಇನ್‌ಸ್ಪೆಕ್ಟರ್ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಪೆನ್ನು ತೆಗೆದು ಕೊನೆಯ ಸಾಲಿನವರೆಗೂ ಬರೆದರು, ಸಹಿ ಹಾಕಿದರು, ಹಾಳೆಯನ್ನು ಆಕೆಯ ಕಡೆ ತಿರುಗಿಸಿದರು.

“ಬರೆದೆ, ತಾಯಿ.”