ಎಪ್ಪತ್ತೊಂದೂವರೆ ಕಿಲೋ

ಬೆಳ್ಳಿ ಮೀಸೆ ನಮ್ಮ ಏರ್‌ಫೀಲ್ಡಿಗೆ ಬಂದಿಳಿದ ದಿನದಿಂದ ನನಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ.

ಆ ಹೆಸರಿಟ್ಟವನು ನಾನೇ. ಮನೆಮನೆಗೆ ಸಾಮಾನು ಕಳಿಸುವ ಆನ್‌ಲೈನ್ ಅಂಗಡಿಯವರು ಈಗ ತಮ್ಮದೇ ಹತ್ತು ದೊಡ್ಡ ಜೆಟ್ ಕೊಂಡಿದ್ದರು. ಅವನ್ನು ಹಾರಿಸಲು ಪೈಲಟ್‌ಗಳನ್ನು ಆರಿಸುತ್ತಾ ಊರೂರು ತಿರುಗುತ್ತಿದ್ದ ಕ್ಯಾಪ್ಟನ್ ಅವನು. ಆರಡಿ ಎತ್ತರ, ಹೆಗಲ ಮೇಲೆ ನಾಲ್ಕು ಪಟ್ಟಿ, ಇಸ್ತ್ರಿ ಕೆಡದ ಶರ್ಟು. ಮೂರು ದಿನ ಇದ್ದ, ಮೂವರ ಜೊತೆ ಮಾತಾಡಿದ, ಒಬ್ಬಳನ್ನು ಆರಿಸಿದ. ಅವಳನ್ನೇ.

ಅವಳು ನಮ್ಮ ಪುಟ್ಟ ಸರಕು ವಿಮಾನದ ಕೋ-ಪೈಲಟ್. ನಾನು ತೂಕದವನು. ಯಾವ ಡಬ್ಬ ಮುಂದೆ, ಯಾವುದು ಹಿಂದೆ, ಒಟ್ಟು ಎಷ್ಟು ಕಿಲೋ ಎಂದು ಲೋಡ್ ಶೀಟ್ ಬರೆದು ಕೊಡದಿದ್ದರೆ ಆ ವಿಮಾನ ಒಂದಿಂಚೂ ಕದಲುವುದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಒಪ್ಪಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ಮೊದಲ ದಿನವೇ ಅವಳನ್ನು ತಕ್ಕಡಿ ಹತ್ತಿಸಿದ್ದೆ. ಪಾರ್ಸೆಲ್ ತೂಗುವ ದೊಡ್ಡ ತಕ್ಕಡಿ ಅದು. "ಹೊಸಬರ ತೂಕ ಬರ್ಕೋಬೇಕು ಮೇಡಂ," ಅಂದೆ. ಬ್ಯಾಗಿನ ಸಮೇತ ಹತ್ತಿದಳು. ನಾನು ಎಲ್ಲರಿಗೂ ಕೇಳುವಂತೆ ಅಂಕಿ ಕೂಗಿಬಿಟ್ಟೆ. ಶೆಡ್ಡಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುತ್ತಿದ್ದ ನನ್ನ ಅಕ್ಕ ಹಣೆ ಚಚ್ಚಿಕೊಂಡಳು.

ಅವಳ ಕಿವಿ ಕೆಂಪಗಾಯಿತು. "ಈಗ ನೀವು ಹತ್ತಿ," ಅಂದಳು.

ಹತ್ತಿದೆ. ಅಂಕಿ ಕಾಣುವ ಪರದೆ ಅವಳ ಕಡೆಗಿತ್ತು. ಬಗ್ಗಿ ನೋಡಿದಳು, ನನ್ನ ಮುಖ ನೋಡಿದಳು, ಕೆಳತುಟಿ ಕಚ್ಚಿ ನಗು ತಡೆದುಕೊಂಡಳು.

"ಎಷ್ಟು?"

"ಹೇಳಲ್ಲ. ನನ್ನ ಹತ್ರಾನೇ ಇರ್ಲಿ."

ಆಮೇಲೆ ನಾನೂ ನೋಡಿಕೊಳ್ಳಲಿಲ್ಲ. ಅವಳ ಹತ್ತಿರ ನನ್ನದು ಏನಾದರೂ ಇದೆಯಲ್ಲ ಎಂಬ ಖುಷಿಯೇ ಸಾಕಾಗಿತ್ತು. ಮೇಡಂ ಹೋಗಿ 'ನೀನು' ಬಂತು. ದಿನಾ ಮಧ್ಯಾಹ್ನ ಲೋಡ್ ಶೀಟ್ ತೆಗೆದುಕೊಳ್ಳಲು ಬಂದಾಗ ನನ್ನ ಪೆನ್ನನ್ನು ಕಿವಿಯ ಹಿಂದಿನಿಂದ ಎಳೆದುಕೊಳ್ಳುವಳು. ವಾಪಸ್ ಕೊಡುವಾಗ ಮತ್ತೆ ಅಲ್ಲೇ ಸಿಕ್ಕಿಸುವಳು. ನಾನು ಅವಳನ್ನು ಪ್ರೀತಿಸುತ್ತಿದ್ದೆ. ಅದನ್ನು ಹೇಳುವುದೊಂದು ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದೆ.

ಕೆಲಸ ಸಿಕ್ಕ ಸುದ್ದಿಯನ್ನು ಓಡಿಬಂದು ಮೊದಲು ಹೇಳಿದ್ದು ನನಗೇ.

"ಪ್ಯಾಸೆಂಜರ್ ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಸಾಕಾಗಿತ್ತು ಕಣೋ. ಈಗ ನೋಡು, ಅವರಾಗೇ ಹುಡುಕ್ಕೊಂಡು ಬಂದ್ರು! ಜನ ಮನೇಲಿ ಕೂತು ಕುರ್ಚಿ, ಕುಕ್ಕರ್ ಅಂತ ಆರ್ಡರ್ ಮಾಡ್ತಾರಲ್ಲ, ಅವರೆಲ್ಲ ಸೇರಿ ನಂಗೆ ಜೆಟ್ ಕೊಡಿಸಿದ್ರು. ಸರ್ ಹೇಳಿದ್ರು, ನಾಲ್ಕೇ ವರ್ಷಕ್ಕೆ ಎಡಗಡೆ ಸೀಟಂತೆ. ನಾನೂ ಕ್ಯಾಪ್ಟನ್! ಸರ್ ಹೇಳಿದ್ರು, ಅಲ್ಲಿ ಟ್ರೈನಿಂಗ್..."

"ಸರ್ ಇನ್ನೂ ಏನೇನು ಹೇಳಿದ್ರು?"

ಅವಳು ನಿಲ್ಲಿಸಿದಳು. "ಖುಷಿ ಆಗ್ಲಿಲ್ವಾ ನಿಂಗೆ?"

"ಆಯ್ತಲ್ಲ," ಅಂದೆ. ಮುಖ ಮಾತ್ರ ಹರಳೆಣ್ಣೆ ಕುಡಿದವನದು.

ಅಕ್ಕ ಮನೆಯಲ್ಲಿ ನೇರವಾಗಿ ಕೇಳಿದಳು. "ಹೊಟ್ಟೆಕಿಚ್ಚಾ?"

"ಯಾರಿಗೆ? ನಂಗಾ? ಆ ಮೀಸೆ ಮೇಲಾ?"

"ನಾನು ಮೀಸೆ ಸುದ್ದಿ ಎತ್ತಲೇ ಇಲ್ವಲ್ಲೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳು ಫೋನಿನಲ್ಲಿ ನಕ್ಕರೆ ಆ ಕಡೆ ಅವನೇ ಇದ್ದಾನೆ ಅನಿಸುತ್ತಿತ್ತು. ಮಾತು ಕಡಿಮೆ ಮಾಡಿದೆ. ಪೆನ್ನನ್ನು ಕಿವಿಯ ಹಿಂದೆ ಇಡುವುದನ್ನು ಬಿಟ್ಟು ಜೇಬಿನಲ್ಲಿಟ್ಟೆ. ಮೊದಲ ದಿನ ಅವಳ ಕೈ ಗಾಳಿಯಲ್ಲಿ ಅರ್ಧಕ್ಕೇ ನಿಂತಿತು. ಆಮೇಲೆ ಮೇಜಿನ ಮೇಲಿದ್ದ ಬೇರೆ ಪೆನ್ನು ತೆಗೆದುಕೊಂಡಳು.

ಇಲ್ಲಿಂದ ಅವಳು ಹಾರುವ ಕೊನೆಯ ದಿನ ಬಂತು. ಮೂರೂವರೆಗೆ ಹೊರಡಬೇಕು, ದೊಡ್ಡ ಏರ್‌ಪೋರ್ಟಿನವರೆಗೆ. ಅಲ್ಲೇ ಆ ಜೆಟ್‌ಗಳ ಠಿಕಾಣಿ, ನಾಳೆಯಿಂದ ಅವಳದೂ. ಬೆಳ್ಳಿ ಮೀಸೆ ಏನೋ ಕಾಗದಕ್ಕೆ ಸಹಿ ಹಾಕಿಸಲು ಬೆಳಿಗ್ಗೆಯೇ ಬಂದು ಆಫೀಸಿನಲ್ಲಿ ಕೂತಿದ್ದ.

ಎರಡು ಗಂಟೆಗೆ ಅವಳು ನನ್ನ ಕಿಟಕಿಗೆ ಬಂದಳು. "ಇವತ್ತು ಜಂಪ್ ಸೀಟಲ್ಲಿ ಒಬ್ರು ಬರ್ತಾರೆ. ಎಪ್ಪತ್ತೊಂದೂವರೆ ಕಿಲೋ ಜಾಗ ಇಟ್ಕೊಂಡಿರು."

ಜಂಪ್ ಸೀಟು ಎಂದರೆ ಪೈಲಟ್‌ಗಳ ಬೆನ್ನ ಹಿಂದಿನ ಮಡಚುವ ಕುರ್ಚಿ.

"ಹೆಸರು?"

"ಆಮೇಲೆ ಹೇಳ್ತೀನಿ."

"ಯಾರದು ಅಂತಾದ್ರೂ..."

"ನಂಗೆ ಬೇಕಾದವರು," ಎಂದು ಕಣ್ಣು ಮಿಟುಕಿಸಿ ಹೊರಟೇ ಹೋದಳು.

ನನ್ನ ಮೈಯೆಲ್ಲ ಉರಿಯಿತು. ನನ್ನ ಕೈಯಲ್ಲೇ ಅವನ ತೂಕ ಬರೆಸುವುದೇ? ಅವಳ ಬೆನ್ನ ಹಿಂದೆ ಕೂತು, ಅವಳ ಕೂದಲ ವಾಸನೆ ಕುಡಿಯುತ್ತಾ ಅವನು ಹೋಗಬೇಕು, ನಾನಿಲ್ಲಿ ನಿಂತು ಟಾಟಾ ಮಾಡಬೇಕು! ಆರಡಿ ಆಳು ಎಪ್ಪತ್ತೊಂದೂವರೆ ತೂಗುತ್ತಾನೆಯೇ ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ತೂಕವೇ ಹೊಟ್ಟೆಪಾಡಾದ ನನಗೆ ಅದು ಹೊಳೆಯಲೇ ಇಲ್ಲ.

ಶೆಡ್ಡಿನಲ್ಲಿ ನಾಳೆ ಹೋಗಬೇಕಿದ್ದ ನಾಯಿ ತಿಂಡಿಯ ಚೀಲಗಳಿದ್ದವು, ಹತ್ತು ಹತ್ತು ಕಿಲೋದವು. ಏಳನ್ನು ಇವತ್ತೇ ಹತ್ತಿಸಿದೆ. ವಿಮಾನ ಹೊರಬಹುದಾದ ತೂಕಕ್ಕೆ ಸರಿಯಾಗಿ ಬಂತು, ಒಂದು ಕಿಲೋ ಹೆಚ್ಚಿಲ್ಲ, ಕಡಿಮೆಯಿಲ್ಲ. ತಪ್ಪೇನಿಲ್ಲ, ನಿಯಮದ ಪ್ರಕಾರ ಸರಕಿಗೇ ಮೊದಲ ಜಾಗ. ಲೋಡ್ ಶೀಟಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ಜಂಪ್ ಸೀಟಿಗೆ ಜಾಗವಿಲ್ಲ.

ಮೂರು ಗಂಟೆಗೆ ಬಂದಳು, ಓದಿದಳು. ಮತ್ತೆ ಓದಿದಳು. ಮುಖದ ಬೆಳಕೆಲ್ಲ ಇಳಿದುಹೋಯಿತು.

"ನಾಯಿ ತಿಂಡಿ?"

"ಹಸಿದಿರ್ತಾವೆ ಪಾಪ. ನಿಮ್ಮ ಸರ್ ಬೇಕಾದ್ರೆ ಕಾರಲ್ಲಿ ಹೋಗ್ಲಿ."

"ನಮ್ಮ ಸರ್?" ಹುಬ್ಬು ಮೇಲೇರಿತು. "ಅವರು ಊಟಕ್ಕೆ ಮುಂಚೇನೇ ಕಾರಲ್ಲಿ ಹೋದ್ರಲ್ಲ."

"ಮತ್ತೆ ಎಪ್ಪತ್ತೊಂದೂವರೆ ಯಾರು?"

ಅವಳು ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮ್ಯಾನೇಜರರ ಅನುಮತಿ ಪತ್ರ. ಅದರಲ್ಲಿದ್ದದ್ದು ನನ್ನ ಹೆಸರು.

"ಎರಡು ವರ್ಷದಿಂದ ದಿನಾ ಕಳಿಸಿಕೊಡ್ತೀಯ, ಒಂದಿನಾನೂ ಜೊತೆಗೆ ಬಂದಿಲ್ಲ. ಕೊನೇ ದಿನಾನಾದ್ರೂ ಬಾ ಅಂತ ಹದಿನೈದು ದಿನದಿಂದ ಆಫೀಸು ಅಲೆದೆ." ಪತ್ರವನ್ನು ನನ್ನತ್ತ ತಳ್ಳಿದಳು. "ನೀನು ನಿನ್ನನ್ನೇ ಇಳಿಸಿಬಿಟ್ಯಲ್ಲೋ!"

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಅದೂ ಎಪ್ಪತ್ತು ಕಿಲೋ ಕಲ್ಲು.

ಗಡಿಯಾರ ನೋಡಿದೆ. ಇಪ್ಪತ್ತೆಂಟು ನಿಮಿಷವಿತ್ತು. ಓಡಿದೆ. ಚೀಲಗಳನ್ನು ಒಂದೊಂದಾಗಿ ಹೆಗಲ ಮೇಲೆ ಹಾಕಿಕೊಂಡು ಇಳಿಸಿದೆ. ಏಳನೆಯದು ಕೈಗಾಡಿಗೆ ಬೀಳುವಷ್ಟರಲ್ಲಿ ಶರ್ಟು ಒದ್ದೆಯಾಗಿತ್ತು. ಅಕ್ಕ ಸ್ಕ್ಯಾನರ್ ಹಿಡಿದು ಚೀಲಗಳನ್ನು ಲೆಕ್ಕದಿಂದ ತೆಗೆಯುತ್ತಾ ಬಿದ್ದು ಬಿದ್ದು ನಗುತ್ತಿದ್ದಳು.

ಹೊಸ ಶೀಟು ಬರೆಯಲು ಕೂತವನ ಕೈ ನಿಂತಿತು. "ಒಂದೂವರೆ ಕಿಲೋ ಜಾಸ್ತಿ ಆಗುತ್ತೆ."

"ಆಗ್ಲಿ ಬಿಡೋ," ಅಂದಳು ಅಕ್ಕ.

"ಆಗಲ್ಲಕ್ಕ. ಗೆರೆ ಅಂದ್ರೆ ಗೆರೆ."

ಶೀಟಿಗಾಗಿ ಕಾಯುತ್ತಾ ಕಿಟಕಿಯಲ್ಲಿ ನಿಂತಿದ್ದ ಅವಳು ನನ್ನ ಕಾಲು ನೋಡಿದಳು. ಕಬ್ಬಿಣದ ತುದಿಯ, ಇಟ್ಟಿಗೆಯಷ್ಟು ಭಾರದ ಸೇಫ್ಟಿ ಶೂ. "ಅವತ್ತು ತಕ್ಕಡಿ ಮೇಲೂ ಇವೇ ಇದ್ವು," ಅಂದಳು. "ಬಿಚ್ಚು."

ತೂಗಿದೆ. ಜೋಡಿಗೆ ಸರಿಯಾಗಿ ಒಂದೂವರೆ. ಅವನ್ನು ಅಕ್ಕನ ಕೈಗಿತ್ತು ತೂತು ಬಿದ್ದ ಕಾಲುಚೀಲದಲ್ಲೇ ಏಣಿ ಹತ್ತಿದೆ. ಎಡಗಡೆ ಸೀಟಿನಲ್ಲಿದ್ದ ಮುದಿ ಕ್ಯಾಪ್ಟನ್ ತಿರುಗಿ ನೋಡಿ, "ಏನಪ್ಪಾ, ದೇವರ ಮನೆಗೆ ಬಂದ ಹಾಗೆ ಬಂದಿದೀಯಲ್ಲ," ಅಂದರು.

ಚಕ್ರ ನೆಲ ಬಿಟ್ಟಿತು. "ಕೇಳು, ನಾನು..." ಅಂದೆ. ಅವಳು ತಿರುಗದೆ ಅಂಗೈ ಎತ್ತಿ ತಡೆದಳು. ಹತ್ತು ಸಾವಿರ ಅಡಿ ಏರುವವರೆಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ, ಅದು ಅವರ ಕಟ್ಟಳೆ. ಎರಡು ವರ್ಷ ಸುಮ್ಮನಿದ್ದವನಿಗೆ ಆ ಕೆಲವು ನಿಮಿಷ ತಡೆಯಲಾಗಲಿಲ್ಲ. ಎತ್ತರದ ಮುಳ್ಳನ್ನೇ ನೋಡುತ್ತಾ ಕೂತೆ. ನಾಲ್ಕು ಸಾವಿರ. ಏಳು. ಒಂಬತ್ತೂವರೆ.

"ಹತ್ತು," ಅಂದಳು. "ಈಗ ಹೇಳು."

ಕ್ಯಾಪ್ಟನ್ ಹೆಡ್‌ಫೋನಿನ ಗುಂಡಿ ತಿರುವಿದರು. "ನಂಗೆ ರೇಡಿಯೋ ಮಾತ್ರ ಕೇಳ್ಸುತ್ತೆ."

"ನಂಗೆ ಹೊಟ್ಟೆಕಿಚ್ಚು," ಅಂದೆ. "ಆ ಮೀಸೆ ಮೇಲೆ, ನಿನ್ನ ಜೆಟ್ ಮೇಲೆ, ನಾಳೆಯಿಂದ ನಿಂಗೆ ಲೋಡ್ ಶೀಟ್ ಕೊಡೋನ ಮೇಲೆ. ಯಾಕಂದ್ರೆ ನಿನ್ನ ಪ್ರೀತಿಸ್ತೀನಿ. ಆದ್ರೂ ಹೋಗು. ಎಡಗಡೆ ಸೀಟಲ್ಲಿ ಕೂತ್ಕೋ. ನಾನು ರಜಾ ಸಿಕ್ಕಾಗೆಲ್ಲ ಬರ್ತೀನಿ."

ಅವಳು ಮುಂದೆಯೇ ನೋಡುತ್ತಿದ್ದಳು. ಕಿವಿ ಮಾತ್ರ ಮೊದಲ ದಿನದಂತೆ ಕೆಂಪಗಾಗಿತ್ತು.

"ಅವತ್ತಿನಿಂದ ಎಪ್ಪತ್ತೊಂದೂವರೆ ಕಿಲೋ ಹೊತ್ಕೊಂಡೇ ಹಾರ್ತಾ ಇದೀನಿ," ಅಂದಳು. "ನಿನ್ನ ಶೀಟಲ್ಲಿ ಒಂದು ದಿನಾನೂ ಬರಲಿಲ್ಲ ನೋಡು."

ಆಮೇಲೆ ಕೈಯನ್ನು ಹಿಂದಕ್ಕೆ ಚಾಚಿದಳು. ಹಿಡಿಯಲು ಹೋದೆ. ಅವಳು ನನ್ನ ಕೈ ಸರಿಸಿ, ಜೇಬು ತಡಕಿ ಪೆನ್ನು ತೆಗೆದು, ನೋಡದೆಯೇ ನನ್ನ ಕಿವಿಯ ಹಿಂದೆ ಸಿಕ್ಕಿಸಿದಳು. ಕೈಯನ್ನು ಅಲ್ಲೇ ಬಿಟ್ಟಳು.